ಹಿಮ್ಮಡಿ ಮಾವ

ಕಂಡವರ ಹಿಮ್ಮಡಿಯನ್ನೇ ನೋಡಿ ನೋಡಿ ಬೀದಿಯವರ ಬಾಯಲ್ಲಿ ಹಿಮ್ಮಡಿ ಮಾವನಾದ ಈ ಮುದುಕ ಬೆಳಿಗ್ಗೆ ಓಡುವುದಕ್ಕಿಂತ ಓಡುವವರನ್ನು ತಡೆದು ನಿಲ್ಲಿಸುವುದೇ ಹೆಚ್ಚು. "ಏನಮ್ಮ, ಬೂಟು ಬೆಳಿಗ್ಗೆ ತಗೊಂಡ್ಯಾ? ಸಂಜೆ ಕಾಲು ಊದಿರುತ್ತೆ, ಆಗ ತಗೋಬೇಕು. ಬೂಟಿನ ತುದೀಲಿ ಹೆಬ್ಬೆರಳಷ್ಟು ಜಾಗ ಇಲ್ಲದಿದ್ರೆ ಉಗುರು ಕಪ್ಪಾಗುತ್ತೆ!" ಒದ್ದೆ ಕಾಲುಚೀಲ ಕಂಡರಂತೂ ರೇಗಿ ಕುಣಿದಾಡಿಬಿಡುತ್ತಾನೆ. "ಮಾವ, ಓಡಿ ಅಲ್ಲ, ನಿಮ್ಮೆದುರು ನಿಂತು ನಿಂತೇ ಕಾಲು ನೋಯ್ತಿದೆ" ಎಂದು ಹುಡುಗಿಯರು ನಗುತ್ತಾರೆ. ಮನೆಗೆ ಬಂದವನೇ ಹೆಂಡತಿಯ ಪಾದ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ಅವಳೂ ಜೊತೆಗೆ ಓಡುತ್ತಿದ್ದವಳೇ. ಸಕ್ಕರೆ ಕಾಯಿಲೆಗೆ ಅಂಗಾಲು ಜೋಮು ಹಿಡಿದು, ಬೂಟು ಕಚ್ಚಿದ ಬೊಬ್ಬೆ ಅವಳಿಗೆ ತಿಳಿಯಲಿಲ್ಲ, ಇವನು ನೋಡಲಿಲ್ಲ. ಕೀವಾಗಿ ಕಿರುಬೆರಳು ಹೋಯಿತು. ಈಗ ಉಳಿದ ಬೆರಳುಗಳ ಸಂದಿಯನ್ನೆಲ್ಲ ಬಿಡಿಸಿ ನೋಡಿ ಒರೆಸುತ್ತಾನೆ. "ಸಾಕು ಬಿಡಿ, ಎಲ್ಲೂ ನೋಯ್ತಿಲ್ಲ" ಎನ್ನುತ್ತಾಳೆ. "ಅದಕ್ಕೇ ಕಣೇ ನೋಡೋದು" ಎಂದು ಕನ್ನಡಕ ಏರಿಸಿಕೊಂಡು ಇನ್ನೂ ಬಗ್ಗುತ್ತಾನೆ.