ಯಾವ ಪೈಕಿ?

ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಇಲ್ಲದೆ ಇಳಿದವನು ಲತಾಮಣಿಯ ಕಣ್ಣು ತಪ್ಪಿಸಿ ಹೊರಗೆ ಹೋಗುವುದು ಸುಲಭದ ಮಾತಲ್ಲ. ಅವಳು ಟಿಕೆಟ್ ಕೇಳುವ ಮೊದಲು ಮುಖ ನೋಡುತ್ತಾಳೆ. ಟಿಕೆಟ್ ಇದ್ದವನು ಜೇಬು ತಡಕುತ್ತ ಗಾಬರಿಯಾಗುತ್ತಾನೆ. ಇಲ್ಲದವನು ಫೋನು ಕಿವಿಗಿಟ್ಟುಕೊಂಡು ಮಾವನ ಮನೆಗೆ ಬಂದವನ ಹಾಗೆ ಆರಾಮಾಗಿ ಬರುತ್ತಾನೆ. "ಫೋನ್ ಕೆಳಗಿಡಿ ಸಾರ್, ಆ ಕಡೆ ಯಾರೂ ಇಲ್ಲ" ಎಂದು ಅವಳು ಹೇಳಿದರೆ ಅರ್ಧ ಜನ ಅಲ್ಲೇ ತಪ್ಪೊಪ್ಪಿಕೊಂಡು ದಂಡ ಕಟ್ಟುತ್ತಾರೆ. ಕರಿ ಕೋಟಿನ ಈ ಟೀಸಿ ಮೇಡಮ್ಮಿಗೆ ಇನ್ನೂ ಮೂವತ್ತೆರಡು. ಅನುಮಾನ ಪಡುವುದರಲ್ಲಿ ಮಾತ್ರ ಪಳಗಿದ ಅತ್ತೆಯರನ್ನೂ ಮೀರಿಸುತ್ತಾಳೆ. ಗಂಡ ನಟರಾಜ್ ಸಂತೆಯಿಂದ ಬದನೆಕಾಯಿ ತಂದರೆ ಒಂದೊಂದನ್ನೂ ತಿರುಗಿಸಿ ತೂತು ಹುಡುಕುವವಳು. ಇಂಥವಳೇ ಮೋಸಹೋದಳು ಎಂದರೆ ನಂಬುವುದು ಕಷ್ಟ. ಆದರೆ ಹೋದಳು, ಅದೂ ಒಂದೇ ಒಂದು ಪದಕ್ಕೆ.

ಅವಳ ಅಪ್ಪ ಕೆಂಚಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹುಟ್ಟಿದ್ದು, ಓದಿದ್ದು, ದೊಡ್ಡವಳಾದದ್ದು ಎಲ್ಲ ಕ್ವಾರ್ಟರ್ಸಿನಲ್ಲೇ. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಬೇಕೆಂದರೂ ಕೆಂಚಯ್ಯ, "ಬ್ಯಾಡ ಕಣವ್ವ, ಇದು ನಮ್ಮ ಗೋಡೆ ಅಲ್ಲ" ಎನ್ನುತ್ತಿದ್ದ. ನಿವೃತ್ತಿಯಾದ ತಿಂಗಳು ಇಡೀ ಸಂಸಾರ ಒಂದು ಲಗೇಜ್ ಆಟೋದಲ್ಲಿ ಹಿಡಿಸಿತು. ಆಟೋ ಹಿಂದೆ ನಡೆಯುತ್ತ ಲತಾಮಣಿ ಮನಸ್ಸಿನಲ್ಲೇ ನಿರ್ಧರಿಸಿದ್ದಳು: ತಾನು ಸಂಪಾದಿಸಿದರೆ ಮೊದಲು ಸ್ವಂತ ಮನೆ, ಮಿಕ್ಕಿದ್ದೆಲ್ಲ ಆಮೇಲೆ.

ಮದುವೆಯಾದದ್ದು ನಟರಾಜನನ್ನು. ಹಳೇಬೀಡಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ಬೆಳಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದರೆ ಸಂಜೆ ಅದೇ ಧೂಳಿನಲ್ಲಿ ವಾಪಸ್. ಇಬ್ಬರಿಗೂ ಸರ್ಕಾರಿ ಸಂಬಳ, ಇಬ್ಬರೂ ಒಳ್ಳೆಯ ಬಟ್ಟೆ ಹಾಕುತ್ತಾರೆ, ಬಾಡಿಗೆ ತಪ್ಪಿಸುವವರಲ್ಲ. ಆದರೂ ಬಾಡಿಗೆ ಮನೆಗೆ ಅಲೆದು ಅಲೆದು ಸಾಕಾಯಿತು. ಬೋರ್ಡು ನೋಡಿ ಹೋದರೆ ಮನೆಯವರು ನಗುನಗುತ್ತಲೇ ಬಾಗಿಲು ತೆಗೆಯುತ್ತಾರೆ. ನಲ್ಲಿ ತೋರಿಸುತ್ತಾರೆ, ಬಟ್ಟೆ ಒಗೆಯುವ ಕಲ್ಲು ತೋರಿಸುತ್ತಾರೆ. ಕೊನೆಗೆ ಹೊಸ್ತಿಲ ಹತ್ತಿರ ನಿಂತು ಆ ಪ್ರಶ್ನೆ ಕೇಳುತ್ತಾರೆ.

"ಅಂದಂಗೆ, ನೀವು ಯಾವ ಪೈಕಿ?"

ನಮ್ಮ ಕಡೆ ಜಾತಿಯನ್ನು ಜಾತಿ ಎಂದು ಕೇಳಿದರೆ ಒರಟುತನ. ಯಾವ ಪೈಕಿ ಎಂದರೆ ಮರ್ಯಾದೆ. ಕೇಳುವವರಿಗೆ ಮರ್ಯಾದೆ, ಅಷ್ಟೇ. ಉತ್ತರ ಕೊಡಬೇಕಾದವರ ಪಾಡು ದೇವರಿಗೇ ಪ್ರೀತಿ. ನಟರಾಜ್ ಪಾಠ ಹೇಳುವ ಗಂಭೀರ ದನಿಯಲ್ಲಿ, "ನಾವು ಬೌದ್ಧರು" ಎನ್ನುತ್ತಿದ್ದ. ಒಬ್ಬ ಅಜ್ಜಿ ಅವನ ಕಣ್ಣು ಮೂಗನ್ನು ಚೆನ್ನಾಗಿ ನೋಡಿ, "ಟಿಬೆಟ್‌ನೋರಾ? ನೋಡಿದ್ರೆ ಹಂಗೆ ಕಾಣಲ್ವಲ್ಲಪ್ಪಾ" ಎಂದಿದ್ದಳು. ಅಜ್ಜಿಯಾದರೂ ನಗಿಸಿದಳು, ಮಿಕ್ಕವರು ಅಷ್ಟೂ ಮಾಡಲಿಲ್ಲ. "ನಮ್ಮ ಅಕ್ಕನ ಮಗ ಬತ್ತೀನಿ ಅಂದವ್ನೆ, ಹೇಳಿ ಕಳಿಸ್ತೀವಿ" ಎಂಬ ಮಾತು ಎಲ್ಲರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಅರಸೀಕೆರೆಯಲ್ಲಿ ಇಷ್ಟೊಂದು ಅಕ್ಕನ ಮಕ್ಕಳಿದ್ದಾರೆಂದು ಲತಾಮಣಿಗೆ ಗೊತ್ತೇ ಇರಲಿಲ್ಲ.

ಕೊಳ್ಳಲು ಹೊರಟರೂ ಅದೇ ಕಥೆ. ಮಾತು ಮುಗಿದು ವೀಳ್ಯದೆಲೆ ತರುವುದೊಂದು ಬಾಕಿ ಎನ್ನುವ ಹೊತ್ತಿಗೆ ಒಂದು ಮನೆ ತಪ್ಪಿತು. ಇನ್ನೊಂದು ಮನೆಯವನು ಫೋನು ಎತ್ತುವುದನ್ನೇ ಬಿಟ್ಟ. ಅಲ್ಲಿಂದ ಮುಂದೆ ಲತಾಮಣಿಗೆ ಯಾರು ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ. ಕಾಫಿ ಪೇಪರ್ ಲೋಟದಲ್ಲಿ ಬಂದರೆ ಅದನ್ನೇ ದುರುಗುಟ್ಟಿ ನೋಡುವಳು. "ಅವರ ಮನೇಲಿ ತೊಳೆಯೋಕೆ ಆಳಿಲ್ವೇನೋ ಕಣೇ" ಎಂದು ನಟರಾಜ್ ಸಮಾಧಾನ ಹೇಳಿದರೆ, "ನೀವು ಮಕ್ಕಳಿಗೆ ಪಾಠ ಮಾಡಿ, ಲೋಟದ ವಿಷಯ ನನಗೆ ಬಿಡಿ" ಎನ್ನುವಳು.

ಹೀಗಿರುವಾಗ ಬ್ರೋಕರ್ ಇಂದ್ರೇಶ್ ಮರುಳಪ್ಪನ ಮನೆ ತೋರಿಸಿದ. ಮರುಳಪ್ಪ ಕೊಬ್ಬರಿ ಮಂಡಿ ಇಟ್ಟುಕೊಂಡ ಅನುಕೂಲಸ್ಥ. ಹಣೆ ತುಂಬ ವಿಭೂತಿ, ಮಠದವರು ಊರಿಗೆ ಬಂದರೆ ಮೊದಲು ಇಳಿಯುವುದು ಅವನ ಮನೆಯಲ್ಲೇ. ಊರ ಅಂಚಿನಲ್ಲಿ, ತೋಟದ ಒಂದು ಮೂಲೆಯಲ್ಲಿ ಅವನು ಕಟ್ಟಿಸಿದ ಈ ಇನ್ನೊಂದು ಮನೆ ಖಾಲಿ ಬಿದ್ದಿತ್ತು. ಎರಡು ಕೋಣೆ, ಗಾಳಿ ಬೆಳಕಿನ ಅಡಿಗೆಮನೆ, ಹಿತ್ತಿಲಲ್ಲಿ ಫಲ ಬಿಡುವ ಮೂರು ತೆಂಗು. ಬೆಲೆಯೂ ಕೈಗೆಟುಕುವಂತಿತ್ತು. ಅಷ್ಟು ಸಾಕಾಯಿತು ಲತಾಮಣಿಯ ಕಿವಿ ನೆಟ್ಟಗಾಗಲು.

"ಇಷ್ಟು ಚೆನ್ನಾಗಿರೋ ಮನೆ ಯಾಕ್ರೀ ಖಾಲಿ ಇದೆ?"

"ಬಾಗ್ಲು ದಕ್ಷಿಣಕ್ಕೈತೆ ಮೇಡಮ್. ವಾಸ್ತು ನೋಡೋರು ಹೆದರ್ಕೊತಾರೆ" ಎಂದ ಇಂದ್ರೇಶ್.

ನಟರಾಜನಿಗೆ ಖುಷಿಯೋ ಖುಷಿ. ವಾಸ್ತುವನ್ನು ನಂಬದವರಿಗೆ ಲೋಕದಲ್ಲಿ ಒಂದಾದರೂ ಲಾಭವಿದೆಯಲ್ಲ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಅವಳಿಗೆ ನಗು ಬರಲಿಲ್ಲ. ಅವಳು ಆ ಪ್ರಶ್ನೆಗಾಗಿ ಕಾಯುತ್ತಿದ್ದಳು. ಮರುಳಪ್ಪ ಮೋಟಾರು ತೋರಿಸಿದ, ಸಂಪು ತೋರಿಸಿದ, ಮಳೆಗಾಲದಲ್ಲಿ ನೀರು ಯಾವ ಕಡೆ ಹರಿಯುತ್ತದೆಂದು ಹೇಳಿದ. ಹೊಸ್ತಿಲಿಗೆ ಬಂದ. ಕೇಳಲಿಲ್ಲ. ಹೆಂಡತಿ ಸುವರ್ಣಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು, ಸ್ಟೀಲ್ ಲೋಟಗಳಿಗೆ ಬಗ್ಗಿಸಿ ಎಲ್ಲರಿಗೂ ಕೊಟ್ಟು ತಾನೂ ಅಂಥದ್ದರಲ್ಲೇ ಕುಡಿದಳು. ಅವಳೂ ಕೇಳಲಿಲ್ಲ.

"ನನಗೇಕೋ ಸರಿ ಕಾಣ್ತಿಲ್ಲ. ಇವರು ಯಾಕೆ ಕೇಳ್ತಿಲ್ಲ?" ಎಂದಳು ಲತಾಮಣಿ ಮನೆಗೆ ಬರುತ್ತ.

"ಕೇಳಿದ್ರೆ ಸಿಟ್ಟು, ಕೇಳದಿದ್ರೆ ಅನುಮಾನ. ಅವರು ಏನು ಮಾಡಬೇಕು ಹೇಳು, ಪಾಪ" ಎಂದ ನಟರಾಜ್.

ಎರಡನೆಯ ಸಲ ಹೋದಾಗ ನಟರಾಜ್, ಸುವರ್ಣಮ್ಮ ಮುಂದಿನ ಅಂಗಳದಲ್ಲಿ ಮಾತಾಡುತ್ತಿದ್ದರು, ಅವಳು ಅಡಿಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ನೀರು ಬರಲಿಲ್ಲ, ಮೇಲೆ ವಾಲ್ವು ಮುಚ್ಚಿತ್ತು. ಕಿಟಕಿಯಾಚೆ ಹಿತ್ತಿಲಲ್ಲಿ ಮರುಳಪ್ಪ, ಇಂದ್ರೇಶ್ ಇಬ್ಬರೇ ನಿಂತಿದ್ದರು. ಅವಳು ಒಳಗಿರುವುದು ಅವರಿಗೆ ಗೊತ್ತಿರಲಿಲ್ಲ.

"ಪೈಕಿ ಗೀಕಿ ಅಂತ ಮಾತೇ ಎತ್ಬ್ಯಾಡ ಕಣ್ಲಾ ಇಂದ್ರೇಶ" ಎನ್ನುತ್ತಿದ್ದ ಮರುಳಪ್ಪ. "ಅದೆಲ್ಲ ಯಾಕೀಗ? ಓದಿದ ಜನ, ಒಳ್ಳೆ ಜನ. ಮನೆ ಕೊಡಾನ, ಚೆನ್ನಾಗಿ ಬಾಳ್ಲಿ."

ಲತಾಮಣಿ ನಲ್ಲಿಯನ್ನು ಹಿಡಿದುಕೊಂಡೇ ನಿಂತಳು. ಇಷ್ಟು ವರ್ಷ ಊರೆಲ್ಲ ಕೇಳಿದ್ದನ್ನು ಈ ಮನುಷ್ಯ ಕೇಳುವುದು ಬೇಡ ಎಂದುಕೊಂಡಿದ್ದಾನೆ. ಬೇರೆಯವನೂ ಕೇಳದ ಹಾಗೆ ನೋಡಿಕೊಳ್ಳುತ್ತಿದ್ದಾನೆ. ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದವಳು ಯಾವತ್ತೂ ಮಾಡದ ಕೆಲಸ ಮಾಡಿದಳು. ವಯಸ್ಸಾದ ಆ ಗಂಡಹೆಂಡಿರ ಕಾಲು ಮುಟ್ಟಿ ನಮಸ್ಕರಿಸಿದಳು. ಸುವರ್ಣಮ್ಮ ಗಾಬರಿಯಾಗಿ, "ಯಾಕ್ ತಾಯಿ, ಏನಾಯ್ತು?" ಎಂದು ಅವಳ ತೋಳು ಹಿಡಿದು ಎಬ್ಬಿಸಿದಳು. ಬದನೆಕಾಯಿಯನ್ನೂ ನಂಬದ ಹೆಂಗಸು ಆ ಮನೆಯ ವಿಷಯದಲ್ಲಿ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಆ ವಾರವೇ ಕರಾರು ಬರೆದರು. ಇಬ್ಬರ ಉಳಿತಾಯವೂ ಅವಳ ಬಳೆಗಳೂ ಅಡ್ವಾನ್ಸಿಗೆ ಹೋದವು. ಭಾನುವಾರ ಆ ಖಾಲಿ ಮನೆಯ ಮುಂದೆ ಹೋಗಿ ಇಬ್ಬರೂ ಸುಮ್ಮನೆ ನಿಂತು ಬರುತ್ತಿದ್ದರು. ಬುದ್ಧನ ಫೋಟೊ ಯಾವ ಗೋಡೆಗೆ, ಬಾಬಾಸಾಹೇಬರದು ಯಾವ ಗೋಡೆಗೆ ಎಂದು ಅವರಲ್ಲಿ ಸಣ್ಣ ಜಗಳವೂ ಆಯಿತು.

ಉಳಿದ ಹಣಕ್ಕೆ ಬ್ಯಾಂಕ್ ಸಾಲ ಆಗಬೇಕಿತ್ತು. ಬ್ಯಾಂಕಿನ ಪರವಾಗಿ ಕಾಗದಪತ್ರ ನೋಡುವ ವಕೀಲೆ ಪುಷ್ಪಲತಾ ಒಂದು ದಿನ ಲತಾಮಣಿಯನ್ನು ಆಫೀಸಿಗೆ ಕರೆಸಿದಳು. ಎದುರು ಕೂರಿಸಿ, ಕನ್ನಡಕ ತೆಗೆದು, ನೇರವಾಗಿ ಹೇಳಿದಳು.

"ಲೋನ್ ಆಗಲ್ಲ ಕಣ್ರೀ. ನಿಮ್ದು ಪೈಕಿ."

ಲತಾಮಣಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಏನಂದ್ರಿ? ಸಾಲ ಕೊಡೋಕೂ ಯಾವ ಪೈಕಿ ಅಂತ ನೋಡ್ತೀರಾ? ಓದಿದೋರು ನೀವು, ನಾಚಿಕೆ ಆಗಲ್ವಾ? ಇವತ್ತೇ ಕಂಪ್ಲೇಂಟ್ ಕೊಡ್ತೀನಿ, ನೋಡ್ತಾ ಇರಿ!"

ಪುಷ್ಪಲತಾ ಕಕ್ಕಾಬಿಕ್ಕಿಯಾದಳು. ಆಮೇಲೆ ನಿಧಾನವಾಗಿ ಅರ್ಥವಾಯಿತು. "ಅಯ್ಯೋ, ನಿಮ್ಮ ಜಾತಿ ಅಲ್ರೀ. ಜಾಗ. ಜಾಗ ಪೈಕಿ ನಂಬರ್ರು. ಕೂತ್ಕೊಳ್ಳಿ" ಎಂದಳು. "ನಿಮ್ಮ ಮನೆ ಕಡೆ ಯಾರಿಗೂ ಜಮೀನಿಲ್ವಾ?"

"ಇಲ್ಲ" ಎಂದಳು ಲತಾಮಣಿ.

ಪುಷ್ಪಲತಾ ಮೇಜಿನ ಮೇಲೆ ಬೆರಳಿನಿಂದ ಒಂದು ಚೌಕ ಬರೆದು ತೋರಿಸಿದಳು. "ಇದು ಒಂದೇ ಸರ್ವೆ ನಂಬರಿನ ಜಮೀನು ಅಂದ್ಕೊಳ್ಳಿ. ಅಣ್ಣ ತಮ್ಮ ಇಬ್ಬರಿಗೂ ಪಾಲಿದೆ. ಆದ್ರೆ ಅಳತೆ ಮಾಡಿಸಿ ಕಲ್ಲು ಹಾಕಿಸಿಲ್ಲ. ಇಂಥ ನಂಬರ್ ಪೈಕಿ ಇಷ್ಟು ಗುಂಟೆ ಅಂತ ಬರೆದಿರ್ತಾರೆ, ಆ ಗುಂಟೆ ಎಲ್ಲಿ ಅಂತ ಇರಲ್ಲ. ನಿಮ್ಮ ಮನೆ ಅಂಥ ಜಾಗದಲ್ಲಿದೆ. ನಾಳೆ ತಮ್ಮ ಬಂದು ಇದು ನನ್ನ ಪಾಲು ಅಂದ್ರೆ ನೀವು ಹೊರಗೆ. ಜಮೀನು ಇರೋರು ಮೊದಲು ಕೇಳೋದೇ ಇದನ್ನ."

ಜಮೀನಿದ್ದವರ ಮನೆಯಲ್ಲಿ ಮಕ್ಕಳು ಜಗುಲಿಯಲ್ಲಿ ಆಡುತ್ತಲೇ ಕಲಿಯುವ ಪದ ಅದು. ಅಪ್ಪ ಚಿಕ್ಕಪ್ಪ ಜಗಳವಾಡುವಾಗ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಕೆಂಚಯ್ಯನಿಗೆ ಹಳಿಯ ಕೆಲಸವಿತ್ತು, ಹೊಲವಿರಲಿಲ್ಲ. ಅವನ ಮನೆಯಲ್ಲಿ ಪೈಕಿ ಎನ್ನುವುದಕ್ಕೆ ಒಂದೇ ಅರ್ಥ. ಆ ಒಂದೇ ಅರ್ಥ ಹಿಡಿದುಕೊಂಡು ಅವನ ಮಗಳು ಅಡಿಗೆಮನೆಯಲ್ಲಿ ನಿಂತು ಅತ್ತಿದ್ದಳು.

ಅವಳು ಮನೆಗೆ ಹೋಗಲಿಲ್ಲ. ಕರಿ ಕೋಟಿನಲ್ಲೇ ಸೀದಾ ಮಂಡಿಗೆ ಹೋದಳು. ಮರುಳಪ್ಪ ಗಾದಿಯ ಮೇಲಿದ್ದ, ಸುತ್ತ ನಾಲ್ಕೈದು ವ್ಯಾಪಾರಿಗಳು, ಒಂದು ಕಡೆ ಇಂದ್ರೇಶ್. ಟೀಸಿ ಬಂದದ್ದು ನೋಡಿ ಒಬ್ಬ, "ಏನ್ಲಾ ಮರುಳಪ್ಪ, ಟಿಕೆಟ್ ತಗಳ್ದೆ ಎಲ್ಲಿಗೋಗಿದ್ದೆ?" ಎಂದು ತಮಾಷೆ ಮಾಡಿದ. ಲತಾಮಣಿ ನಿಂತಲ್ಲಿಂದಲೇ, ಪ್ಲಾಟ್‌ಫಾರ್ಮಿನ ಗದ್ದಲದಲ್ಲೂ ಕೇಳುವ ತನ್ನ ದನಿಯಲ್ಲಿ ಕೇಳಿದಳು.

"ಮರುಳಪ್ಪನೋರೇ, ನಿಮ್ಮ ಆ ಮನೆ ಜಾಗ ಯಾವ ಪೈಕಿ?"

ತಮಾಷೆ ನಿಂತಿತು. ಕೊಬ್ಬರಿ ಗಿಟುಕು ಮುರಿದು ನೋಡುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿದರು. "ತೋಟದ ಮೂಲೆ ಮನೆನಾ? ಅದಿನ್ನೂ ಭಾಗವೇ ಆಗಿಲ್ವಲ್ಲ. ಮಾರೋಕೆ ಹೊರಟಿದೀಯೇನಯ್ಯಾ? ನಿನ್ ತಮ್ಮಂಗೆ ಗೊತ್ತಾ?"

ಅಂದರೆ ಎಲ್ಲರಿಗೂ ಗೊತ್ತಿತ್ತು. ಕೊಬ್ಬರಿ ಮೂಟೆ ಹೊರುವವರಿಗೂ ಗೊತ್ತಿತ್ತೇನೋ.

"ಕೂತ್ಕಳಿ ತಾಯಿ, ಕೂತ್ಕಳಿ" ಎಂದು ಮರುಳಪ್ಪ ತಡವರಿಸಿದ. "ನಾನೇನು ಸುಳ್ ಹೇಳಿಲ್ಲ. ನೀವು ಕೇಳ್ಳಿಲ್ಲ, ನಾನು ಹೇಳ್ಳಿಲ್ಲ. ಬಂದೋರೆಲ್ಲ ಮೊದ್ಲು ಅದ್ನೇ ಕೇಳೋರು, ಕೇಳಿ ಹೋಗೋರು. ನೀವು ಕೇಳ್ಳೇ ಇಲ್ಲ. ಆಮೇಲೆ ಸರಿ ಮಾಡ್ಕೊಡಾನ ಅಂತಿದ್ದೆ."

"ಹಿತ್ತಿಲಲ್ಲಿ ಇಂದ್ರೇಶಂಗೆ ಪೈಕಿ ಮಾತು ಎತ್ತಬೇಡ ಅಂದ್ರಲ್ಲ. ಅದು ಯಾವ ಪೈಕಿ?"

"ಜಾಗದ್ದು. ಇನ್ಯಾವ್ದು?" ಎಂದ ಮರುಳಪ್ಪ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಇಂದ್ರೇಶನಿಗೆ ಅರ್ಥವಾಯಿತು. ಅವನು ಅವಳ ಹಿಂದೆಯೇ ರಸ್ತೆಗೆ ಬಂದ. "ಮೇಡಮ್, ತಪ್ಪಾಯ್ತು" ಎಂದ. "ಆ ಮನೆ ಯಾರೂ ತಗೊಳ್ತಿರ್ಲಿಲ್ಲ. ನಿಮ್ಮೋರಿಗೆ ಮನೆ ಸಿಗೋದೇ ಕಷ್ಟ, ಸಿಕ್ಕಿದ್ರೆ ಜಾಸ್ತಿ ವಿಚಾರ್ಸಲ್ಲ ಅಂತ ನಾನೇ ಅವ್ರಿಗೆ ಹೇಳಿದ್ದು."

ಮರುಳಪ್ಪನಿಗೆ ಅವಳ ಪೈಕಿ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೇ ಅವಳನ್ನು ಹಿಡಿದಿದ್ದರು. ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ಕೋಟು ಹಾಕಿದ್ದಳು, ತಡೆದುಕೊಂಡಳು.

ಅಡ್ವಾನ್ಸ್ ಪೂರ್ತಿ ವಾಪಸ್ ಬಂತು. ಮಂಡಿಯ ಮಾತು ಸಂಜೆಯೊಳಗೆ ತಮ್ಮನ ಕಿವಿಗೆ ಬಿದ್ದು ಅವನು ಬಂದು ಕುಣಿದಾಡಿದ ಮೇಲೆ ಮರುಳಪ್ಪನಿಗೆ ಬೇರೆ ದಾರಿಯಿರಲಿಲ್ಲ. ದುಡ್ಡು ತಂದುಕೊಟ್ಟದ್ದು ಸುವರ್ಣಮ್ಮ. ಬಾಗಿಲಲ್ಲೇ ನಿಂತು, ಒಳಗೆ ಬನ್ನಿ ಎಂದರೂ ಬರದೆ, ತಲೆ ತಗ್ಗಿಸಿಕೊಂಡು ಹೋದಳು. ನಾಚಿಕೆಗೆ ಬರಲಿಲ್ಲವೋ, ಬೇರೆ ಕಾರಣಕ್ಕೆ ಬರಲಿಲ್ಲವೋ ಎಂದು ಲತಾಮಣಿ ಬಾಗಿಲು ಹಾಕಿಕೊಳ್ಳುತ್ತಲೇ ಯೋಚಿಸಿದಳು. ಯೋಚಿಸಿದ್ದಕ್ಕೆ ತನ್ನ ಮೇಲೇ ಬೇಸರವಾಯಿತು.

ಶಾಲೆಯಿಂದ ಬಂದ ನಟರಾಜ್ ಅವಳ ಪಕ್ಕ ಕುಳಿತ. "ದುಡ್ಡು ಬಂತಲ್ಲ, ಬಿಡು. ಒಂದು ಮನೆ ಹೋಯ್ತು, ಇನ್ನೊಂದು ನೋಡೋಣ. ಮೋಸಗಾರರು ಎಲ್ಲ ಕಡೆ ಇರ್ತಾರೆ. ಅದಕ್ಕೆ ಇಷ್ಟೊಂದು ಸಂಕಟ ಪಟ್ಕೋತಾರೇನೇ?"

"ಮೋಸ ಮಾಡಿದ್ದಕ್ಕಲ್ಲ ರೀ" ಎಂದಳು ಲತಾಮಣಿ. "ಟಿಕೆಟ್ ಇಲ್ದೋರು ದಿನಾ ನಂಗೆ ಮೋಸ ಮಾಡೋಕೆ ನೋಡ್ತಾರೆ, ನಾನೇನು ಅಳ್ತೀನಾ? ನಮ್ಮನ್ನ ಯಾವ ಪೈಕಿ ಅಂತ ಕೇಳ್ಳಿಲ್ಲ ಅಂತ, ಅಷ್ಟಕ್ಕೇ, ಅಷ್ಟು ಮಾತ್ರಕ್ಕೇ ನಾನು ಹೋಗಿ ಅವರ ಕಾಲು ಮುಟ್ಟಿದೆನಲ್ಲ."