ಸಾಕ್ಷಿಯ ಹೆಬ್ಬೆಟ್ಟು

ಕಲ್ಲೂರಿನ ಆಚೆ ಆದಿವಾಸಿಗಳು ಭೂಮಿ ಕೇಳಿ ಕಾಡಿನೊಳಗೆ ಗುಡಿಸಲು ಹಾಕಿ ಕೂತಿದ್ದ ಕಾಲ. ಅವರಲ್ಲೊಬ್ಬನ ಕುತ್ತಿಗೆಯಲ್ಲಿ ಗಂಟು ಮತ್ತೆ ಕಾಣಿಸಿಕೊಂಡಿತು. ಲಿಂಫೋಮಾ ಎಂಬ ಕ್ಯಾನ್ಸರ್. ಎರಡು ವರ್ಷದ ಹಿಂದೆ ಔಷಧಿ ಕೊಟ್ಟು ಇಳಿಸಿದ್ದರು. ಅವನ ಮನೆಯವರು ನಮ್ಮ ಗದ್ದೆಯಲ್ಲಿ ದುಡಿದವರು, ಅವನಿಗೂ ನನಗೂ ಒಂದೇ ವಯಸ್ಸು. ಅವನಿಗೆ ಓದಲು ಬಾರದು. ನಾನು ಮಲಯಾಳಂ ಓದಬಲ್ಲ ಮೇಷ್ಟ್ರು, ಮನೆಮಾತು ಅವನಿಗೆ ತಿಳಿಯುವ ಕನ್ನಡ. ಹಾಗಾಗಿ ಆಸ್ಪತ್ರೆಗೆ ಜೊತೆ ಹೋಗುವ ಕೆಲಸ ನನ್ನ ತಲೆಗೆ ಬಂತು. ರಜೆ ಹಾಳಾಯಿತೆಂದು ಹೆಂಡತಿಯ ಮುಂದೆ ಗೊಣಗಿದೆ.

ಚುರದ ಘಾಟಿ ರಸ್ತೆ ಇಳಿದು ಕಲ್ಲಿಕೋಟೆ ಸೇರುವಷ್ಟರಲ್ಲಿ ಅವನು ಎರಡು ಸಲ ವಾಂತಿ ಮಾಡಿಕೊಂಡಿದ್ದ. ಆಸ್ಪತ್ರೆಯ ವೈದ್ಯೆ ತಾಳ್ಮೆಯವರು. ಒಮ್ಮೆ ಹೋಗಿ ಮರಳಿದ ಈ ಕಾಯಿಲೆಗೆ ಎರಡು ಔಷಧಿ ಕೂಡಿಸಿ ಕೊಡುವುದು ರೂಢಿ, ಮೂರನೆಯದನ್ನೂ ಸೇರಿಸಿದರೆ ಹೆಚ್ಚು ಗುಣವಾಗುತ್ತದೆಯೇ ಎಂದು ಈಗ ಪರೀಕ್ಷೆ ನಡೆದಿದೆ ಎಂದರು. ಯಾರಿಗೆ ಎರಡು, ಯಾರಿಗೆ ಮೂರು ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ತೀರ್ಮಾನಿಸುತ್ತದೆ. ಸೇರಿದವರಿಗೆ ಔಷಧಿ ಉಚಿತ. ಹೊರಗೆ ಕೊಳ್ಳುವುದು ಅವನ ಕೈಲಾಗದ ಮಾತು, ಸುಮ್ಮನಿದ್ದರೆ ಆ ವರ್ಷ ದಾಟುತ್ತಿರಲಿಲ್ಲ.

ಒಪ್ಪಿಗೆಪತ್ರ ಹತ್ತಾರು ಪುಟ, ಮಲಯಾಳಂನಲ್ಲಿ. ಓದಿ ಕನ್ನಡದಲ್ಲಿ ವಿವರಿಸಿದೆ. ಎಲ್ಲ ಕೇಳಿ, ಹೆಬ್ಬೆಟ್ಟು ಒತ್ತುವುದಿಲ್ಲ ಎಂದ.

"ನಿಮ್ಮಜ್ಜನೂ ಹಿಂಗೇ ಓದಿ ಹೇಳಿದ್ರು ಮಾಷೆ. ಏನೋ ರೇಷನ್ ಕಾಗ್ದ ಅಂತ. ನಮ್ಮಪ್ಪ ಒತ್ತ್‌ಬುಟ್ಟ. ಆಮೇಲ್ ನೋಡಿದ್ರೆ ತೋಡಿನ್ ಪಕ್ಕದ್ ವಯಲು ನಿಮ್ದಾಗಿತ್ತು."

ತೋಡು ಎಂದರೆ ಹಳ್ಳ, ವಯಲು ಎಂದರೆ ಗದ್ದೆ. ನಮ್ಮ ಕೆಳಗಿನ ಗದ್ದೆಯ ಮಾತು ಅದು. ಅಜ್ಜ ಕೊಂಡದ್ದು ಎಂದಷ್ಟೇ ನಮ್ಮಲ್ಲಿ ಹೇಳುತ್ತಿದ್ದರು, ಹೇಗೆ ಕೊಂಡ ಎಂದು ಯಾರೂ ಕೇಳಿರಲಿಲ್ಲ. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಸಿಟ್ಟೇ ಒಂದು ಹೆಜ್ಜೆ ಮುಂದಿತ್ತು.

"ಬ್ಯಾಡ ಅನ್ಸಿದ್ರೆ ಬುಟ್ಟು ಬರ್ಬೋದು ಅಂತ ಅದ್ರಲ್ಲಿ ಇದ್ಯಾ?" ಎಂದು ಕೇಳಿದ.

ಇತ್ತು. ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಹಿಂದೆ ಸರಿಯಬಹುದು. ಆ ಸಾಲನ್ನು ನನ್ನಿಂದ ಮೂರು ಸಲ ಓದಿಸಿದ. ಸಾಲದೆಂದು, ಬೆಂಚಿನಲ್ಲಿ ಕೂತಿದ್ದ ಯಾರೋ ಹೆಂಗಸಿಗೆ ಕೊಟ್ಟು ಇನ್ನೊಮ್ಮೆ ಓದಿಸಿದ. ನಾನು ಗೋಡೆ ನೋಡುತ್ತ ನಿಂತಿದ್ದೆ.

"ಸರಿ, ಒತ್ತ್‌ತೀನಿ. ನೀವೂ ಒತ್ತ್‌ಬೇಕು. ಸೈನ್ ಬ್ಯಾಡ, ಹೆಬ್ಬೆಟ್ಟು."

ಓದುಬರಹ ಬಾರದವರ ಪತ್ರಕ್ಕೆ ಸಾಕ್ಷಿಯೊಬ್ಬ ಸಹಿ ಹಾಕಬೇಕು. ಸಹಿಯೇ ಆಗಬೇಕು ಎಂದಳು ನರ್ಸ್. ಸಹಿ ಹಾಕಿದೆ, ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿದೆ. ಅವನು ಬಗ್ಗಿ ಎರಡೂ ಗುರುತುಗಳನ್ನು ಪರೀಕ್ಷಿಸಿದ.

ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ: "ವಾಸಿಯಾದ್ರೆ ಕಾಡಲ್ಲಿ ಕೂರಲ್ಲ ಮಾಷೆ. ನಿಮ್ ವಯಲಿಗೇ ಬಂದು ಗುಡ್ಲು ಹಾಕ್ತೀನಿ."

"ಮೊದ್ಲು ವಾಸಿಯಾಗು," ಎಂದೆ.

ಚೀಟಿಯಲ್ಲಿ ಅವನಿಗೆ ಮೂರು ಔಷಧಿ ಬಂತು. ಆರು ಸುತ್ತು, ಆರಕ್ಕೂ ನಾನೇ ಕರೆದುಕೊಂಡು ಹೋದೆ. ಮೂರನೆಯ ಸುತ್ತಿನಲ್ಲಿ ಅವನು ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಇಲ್ಲಿ ಪೊಲೀಸರು ಕಾಡಿನ ಗುಡಿಸಲುಗಳನ್ನು ಕೀಳಿಸಿದರು. ಸುದ್ದಿ ಕೇಳಿ ಅವನು ಗೋಡೆಯ ಕಡೆ ಹೊರಳಿದ. ಸೂಜಿ ಮಾತ್ರ ಕೀಳಿಸಿಕೊಳ್ಳಲಿಲ್ಲ.

ಕೊನೆಯ ಸ್ಕ್ಯಾನ್ ನೋಡಿ, ಗಂಟು ಎಲ್ಲೂ ಕಾಣುತ್ತಿಲ್ಲ ಎಂದರು ವೈದ್ಯೆ. ಅವನು ಕೈಮುಗಿದ. ನನಗೆ ಮೊದಲು ನೆನಪಾದದ್ದು ಗದ್ದೆ. ಗಂಟು ಸ್ವಲ್ಪವಾದರೂ ಉಳಿದಿದ್ದರೆ ಎಂದು ಆ ಒಂದು ಗಳಿಗೆ ಅನ್ನಿಸಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಕೊಯ್ಲು ಮುಗಿದ ಮೇಲೆ ಅವನು ಬಿದಿರು ಹೊತ್ತು ನಮ್ಮ ಗದ್ದೆಗೆ ಬಂದ. ಸ್ಟೇಷನ್ನಿಗೆ ಹೋಗೋಣ ಎಂದ ನಮ್ಮಣ್ಣ. ನಾನು ಒಪ್ಪಲಿಲ್ಲ, ಅಣ್ಣ ಮಾತು ಬಿಟ್ಟ. ಗುಡಿಸಲು ಇದ್ದ ಜಾಗದಲ್ಲಿ ಈಗ ಅವನ ಹಂಚಿನ ಮನೆಯಿದೆ. ಇಷ್ಟು ವರ್ಷವಾದ ಮೇಲೂ ಅವನು ಎದುರಾದರೆ ನನ್ನ ಕಣ್ಣು ಮೊದಲು ಅವನ ಕುತ್ತಿಗೆಗೇ ಹೋಗುತ್ತದೆ. ನನಗೆ ಅವನ ಮೇಲೆ ಬಹಳ ಕಾಳಜಿ ಎಂದು ಅವನು ತಿಳಿದಿದ್ದಾನೆ.