ಊಟ ಆಯ್ತಾ ಎಂದು ಕೇಳದ ಮೌನಗೌರಿ

"ಹಿಡ್ಕೊ, ಬಿಡಬೇಡ," ಎಂದು ಉಕ್ಕಿನ ಟೇಪಿನ ತುದಿಯನ್ನು ನೆಲ ಒರೆಸುವ ಅಜ್ಜಿಯ ಹೆಬ್ಬೆರಳಿನ ಕೆಳಗೆ ಸಿಕ್ಕಿಸಿ, ಮಂಡಿಯೂರಿದ ಹಾಗೆಯೇ ಮೌನಗೌರಿ ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ. ಆಸ್ಪತ್ರೆಯ ಎರಡನೇ ಮಹಡಿ, ಉದ್ದನೆಯ ಓಣಿಯಂಥ ಕಾರಿಡಾರ್, ಬೆಳಗಿನ ಆರು ಗಂಟೆ. ಕೊನೆಯ ಕಿಟಕಿಯಿಂದ ಬರುತ್ತಿರುವ ಬೆಳಕಿಗೆ ಇನ್ನೂ ಬಣ್ಣ ಬಂದಿಲ್ಲ. ಒರೆಸಿದ ನೆಲದ ಮೇಲೆ ಅವರ ಮಂಡಿಯ ಎರಡು ಗುರುತುಗಳು ಉದ್ದಕ್ಕೂ ಹಿಂಬಾಲಿಸುತ್ತವೆ.

"ಏನವ್ವಾ, ದಿನಾ ಅಳೀತೀಯಲ್ಲ. ರಾತ್ರಿ ಹೊತ್ತಲ್ಲಿ ನೆಲ ಬೆಳೆದುಬಿಡುತ್ತಾ?" ಅಜ್ಜಿ ಕೇಳುತ್ತಾಳೆ.

"ನೆಲ ಬೆಳೆಯಲ್ಲ ಅಜ್ಜಿ. ನೀನು ಒರೆಸೋ ರಭಸಕ್ಕೆ ನನ್ನ ಗೆರೆ ಓಡಾಡುತ್ತೆ."

"ಹಾಗಾದ್ರೆ ಒರೆಸೋದು ಬಿಟ್ಟುಬಿಡ್ಲಾ?"

"ಒರೆಸು. ಗೆರೆ ಹತ್ರ ಬಂದಾಗ ಒಂಚೂರು ಮರ್ಯಾದೆ ಕೊಡು."

ನೆಲದ ಮೇಲೆ ನೀಲಿ ಅಂಟುಪಟ್ಟಿಯ ಎರಡು ಗೆರೆಗಳಿವೆ. ನಡುವೆ ಇಪ್ಪತ್ತೈದು ಅಡಿ ಇರಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. ಈವತ್ತು ಆಚೆ ಗೆರೆ ಉಗುರಿನಗಲ ಒಳಗೆ ಬಂದಿದೆ. ಅವರು ಅದನ್ನು ಕಿತ್ತು, ಹೊಸದನ್ನು ಅಂಟಿಸಿ, ಅಂಗೈಯಿಂದ ಉಜ್ಜಿ, ಮತ್ತೊಮ್ಮೆ ಅಳೆಯುತ್ತಾರೆ. ಆಮೇಲೆ ಎದ್ದು, ಕತ್ತಿಗೆ ನೇತುಹಾಕಿಕೊಂಡ ಸ್ಟಾಪ್‌ವಾಚನ್ನು ಗೋಡೆ ಗಡಿಯಾರದ ಜೊತೆ ಒಂದು ನಿಮಿಷ ಓಡಿಸಿ ನೋಡುತ್ತಾರೆ. ಈ ಎರಡು ಕೆಲಸ ಮುಗಿಯುವವರೆಗೆ ಅವರು ಚಹಾ ಕುಡಿಯುವುದಿಲ್ಲ.

ಇವರ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು: ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು ಇಪ್ಪತ್ತೈದು ಅಡಿ ನಡೆಯಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾರೆ ಎಂದು ಬರೆದಿಡುವುದು. ಕಾಲು ನೆಟ್ಟಗಿರುವವರಿಗೆ ಐದು ಸೆಕೆಂಡು ಸಾಕು. ಇಲ್ಲಿ ಬರುವವರಲ್ಲಿ ಕೆಲವರಿಗೆ ಏಳು, ಕೆಲವರಿಗೆ ಇಪ್ಪತ್ತು. ಕಳೆದ ತಿಂಗಳು ಒಬ್ಬರಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಬೇಕಾಯಿತು. ಗೋಡೆಯ ಕಡೆ ಅವರು ಎರಡು ಸಲ ವಾಲಿದರು. ಮೌನಗೌರಿ ಅವರ ಪಕ್ಕದಲ್ಲೇ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಮುಟ್ಟದಷ್ಟು ದೂರದಲ್ಲಿ ಹೆಜ್ಜೆ ಹಾಕಿದರು. ಮುಗಿದ ಮೇಲೆ ಶಾಭಾಸ್ ಎನ್ನಲಿಲ್ಲ. ಅಯ್ಯೋ ಎನ್ನಲೂ ಇಲ್ಲ. "ಎರಡು ನಿಮಿಷ ಕೂತ್ಕೊಳಿ, ಇನ್ನೊಂದು ಸಲ ನಡೀಬೇಕು" ಎಂದರು, ಅಷ್ಟೆ.

ಮೌನಗೌರಿ ಎಂಬುದು ಕಾಯಿಲೆಯವರು ಇಟ್ಟ ಹೆಸರು. ಅವರಿಗೂ ಅದು ಗೊತ್ತು. "ಇನ್ನೂ ಕೆಟ್ಟ ಹೆಸರಿಡಬಹುದಿತ್ತು, ಪಾಪ, ಒಳ್ಳೆಯವರು," ಎನ್ನುತ್ತಾರೆ.

ಎಂಎಸ್ ಎಂದು ಎಲ್ಲರೂ ಚಿಕ್ಕದಾಗಿ ಕರೆಯುವ ಈ ಕಾಯಿಲೆ ಬೇಲಿಯೇ ಎದ್ದು ಹೊಲ ಮೇಯ್ದಂಥದ್ದು. ಮೈಯನ್ನು ರೋಗದಿಂದ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು, ಮಿದುಳು ಮತ್ತು ಬೆನ್ನುಹುರಿಯಲ್ಲಿ ನರಗಳ ಮೇಲಿನ ಹೊದಿಕೆಯನ್ನು ಕಿತ್ತುಹಾಕುತ್ತದೆ. ಹೊದಿಕೆ ಹೋದ ತಂತಿಯಲ್ಲಿ ಸಂದೇಶ ತಡವರಿಸುತ್ತದೆ. ಕಣ್ಣು ಮಂಜಾಗಬಹುದು, ಕೈ ಜೋಮು ಹಿಡಿಯಬಹುದು, ಕಾಲು ಮಾತು ಕೇಳದಿರಬಹುದು. ಯಾಕೆ ಬರುತ್ತದೆ ಎಂದರೆ ಸಂಶೋಧಕರು ಆರೋಪಿಗಳ ಪಟ್ಟಿಯನ್ನೇ ಮುಂದಿಡುತ್ತಾರೆ: ಎಂದೋ ಬಂದು ಹೋದ ಒಂದು ವೈರಸ್, ಹುಟ್ಟಿನಿಂದ ಬಂದ ಗುಣ, ಸಾಕಾಗದ ಬಿಸಿಲು, ಹೊಗೆಬತ್ತಿ. ಒಬ್ಬನೇ ಅಪರಾಧಿ ಎಂದು ಯಾರೂ ಆಣೆ ಮಾಡುವುದಿಲ್ಲ. ದಾಳಿಗಳನ್ನು ಕಡಿಮೆ ಮಾಡುವ ಔಷಧಿಗಳಿವೆ. ಬೇರುಸಹಿತ ಕೀಳುವ ಔಷಧಿ ಇನ್ನೂ ಇಲ್ಲ.

ಊಟದಿಂದ ಏನಾದರೂ ಆಗುತ್ತದೆಯೇ? ಎಲ್ಲರೂ ಕೇಳುವ ಈ ಪ್ರಶ್ನೆಗಾಗಿಯೇ ಇಲ್ಲಿ ಮೂರು ವರ್ಷದಿಂದ ಒಂದು ಪರೀಕ್ಷೆ ನಡೆದಿದೆ. ಇನ್ನೂರ ಹನ್ನೆರಡು ಜನ, ಎರಡು ಊಟದ ಪಟ್ಟಿ. ಯಾರಿಗೆ ಯಾವ ಪಟ್ಟಿ ಎಂಬುದು ಚೀಟಿ ಎತ್ತಿ ನಿರ್ಧಾರವಾದದ್ದು. ಔಷಧಿ ಎಲ್ಲರಿಗೂ ಮೊದಲಿನಂತೆಯೇ. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರೂ ಈ ಓಣಿಗೆ ಬಂದು ಎರಡು ಸಲ ನಡೆದು ತೋರಿಸಬೇಕು. ಐದು ಸಾವಿರಕ್ಕೂ ಹೆಚ್ಚು ನಡಿಗೆಗಳು ಮೌನಗೌರಿಯವರ ಹೆಬ್ಬೆರಳಿನ ಕೆಳಗೆ ಹಾದುಹೋಗಿವೆ. ಕೊನೆಯ ಸುತ್ತಿನಲ್ಲಿ ಮೂವತ್ತೆಂಟು ಜನ ಬಾಕಿ.

ಯಾರು ಯಾವ ಪಟ್ಟಿಯವರು ಎಂದು ಅವರಿಗೆ ಗೊತ್ತಾಗಕೂಡದು. ಪಟ್ಟಿಗಳಲ್ಲಿ ಏನಿದೆ ಎಂಬುದೂ ಗೊತ್ತಾಗಕೂಡದು. ಊಟದ ವಿಷಯ ನೋಡಿಕೊಳ್ಳುವವರು ಬೇರೆ ಕಟ್ಟಡದಲ್ಲಿದ್ದಾರೆ. ಅವರ ಜೊತೆ ಇವರು ಲಿಫ್ಟಿನಲ್ಲೂ ಹೋಗುವುದಿಲ್ಲ. ಓಣಿಯ ಬಾಗಿಲ ಮೇಲೆ ಕೈಬರಹದ ಫಲಕ: 'ಒಳಗೆ ಊಟ ತಿಂಡಿಯ ಮಾತು ಬೇಡ.' ಎದುರು ಸಿಕ್ಕವರನ್ನೆಲ್ಲ ಊಟ ಆಯ್ತಾ ಎಂದೇ ಮಾತಾಡಿಸಿ ಬೆಳೆದ ನಾಲಿಗೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. "ಮೊದಲ ತಿಂಗಳು ನಾಲಿಗೆ ತುದಿಗೆ ಬಂದು ನಿಲ್ತಿತ್ತು. ನುಂಗಿ ನುಂಗಿ ಅದೇ ಹೊಟ್ಟೆ ತುಂಬ್ತಿತ್ತು," ಎಂದು ನೆನೆಯುತ್ತಾರೆ. "ಈಗ 'ಬಂದ್ರಾ' ಅಂತೀನಿ. ಬಂದಿರೋದು ಕಣ್ಣಿಗೆ ಕಾಣ್ತಿರುತ್ತೆ. ಆದರೂ ಏನಾದ್ರೂ ಕೇಳಬೇಕಲ್ಲ."

ಒಮ್ಮೆ ಎಡವಟ್ಟಾಯಿತು. ನಿವೃತ್ತ ಲೆಕ್ಕದ ಮೇಷ್ಟರೊಬ್ಬರು ಕುರ್ಚಿಯಿಂದ ಏಳುತ್ತ, ಅಭ್ಯಾಸಬಲದಿಂದ, "ನಿಮ್ದು ತಿಂಡಿ ಆಯ್ತೇನಮ್ಮ? ನನ್ನದೇನು ಕೇಳ್ತೀರಿ..." ಎಂದು ಶುರುಮಾಡಿ ಬೆಳಗ್ಗೆ ತಿಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಕೇಳಿದವರು ಬೇರೆ ಯಾರೂ ಇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಮೌನಗೌರಿ ಆ ದಿನದ ನಡಿಗೆಗೆ ನರ್ಸ್ ಒಬ್ಬರನ್ನು ಕರೆದು, ಅವರ ಕೈಗೆ ಇನ್ನೊಂದು ಗಡಿಯಾರ ಕೊಟ್ಟರು. ಇಬ್ಬರೂ ಒಟ್ಟಿಗೇ ಒತ್ತಿದರು. ನರ್ಸಿನ ಗಡಿಯಾರ ಒಂಬತ್ತೂವರೆ ಸೆಕೆಂಡು ಎಂದಿತು. ಇವರದು ಒಂಬತ್ತಕ್ಕೇ ನಿಂತಿತ್ತು.

"ನಾನು ಬೇಕಂತ ಒತ್ತಿರಲಿಲ್ಲ. ಪಾಪ ಇಷ್ಟು ಪಥ್ಯ ಮಾಡ್ತಿದ್ದಾರೆ ಅಂತ ಎಲ್ಲೋ ಮನಸ್ಸಲ್ಲಿ ಬಂದಿತ್ತು. ನನ್ನ ತಲೆಗೆ ಗೊತ್ತಾದ್ರೆ ತಡೀಬಹುದು. ಹೆಬ್ಬೆರಳಿಗೆ ಗೊತ್ತಾಗಿಬಿಟ್ರೆ ಏನು ಮಾಡ್ಲಿ?" ಅವತ್ತೇ ಮೇಲಿನವರಿಗೆ ಬರೆದುಕೊಟ್ಟರು. ಮೇಷ್ಟರನ್ನು ಅಂದಿನಿಂದ ಆ ನರ್ಸೇ ಅಳೆಯುತ್ತಾರೆ. ಅವರು ತಿಂದದ್ದೇನು ಎಂದು ಕೇಳಿದರೆ ಮೌನಗೌರಿ ಹೇಳುವುದಿಲ್ಲ. ಮರೆಯಲು ಶ್ರಮಪಟ್ಟಿದ್ದೇನೆ ಎನ್ನುತ್ತಾರೆ.

ಗಡಿಯಾರ ಅವರಿಗೆ ಹೊಸದಲ್ಲ. ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವರ ಬೆನ್ನ ಹಿಂದೆ ನಿಂತು ಸಮಯ ಬರೆಯುತ್ತಿದ್ದರು. ಒಂದು ಕಾಲರಿಗೆ ಮೂವತ್ತೊಂಬತ್ತು ಸೆಕೆಂಡು. ಯಾರಾದರೂ ಮೂವತ್ತೇಳರಲ್ಲಿ ಮುಗಿಸಿದರೆ ಮರುದಿನದಿಂದ ಎಲ್ಲರೂ ಮೂವತ್ತೇಳರಲ್ಲೇ ಮುಗಿಸಬೇಕು. "ನಾನು ಹಿಂದೆ ನಿಂತರೆ ಸೂಜಿ ಮುರೀತಿತ್ತು. ಶನಿ ಬಂತು ಅನ್ನೋರು, ನನಗೆ ಕೇಳೋ ಹಾಗೇ." ಕಾರ್ಖಾನೆ ಮುಚ್ಚಿತು. ಅದೇ ಹೆಬ್ಬೆರಳನ್ನು ಹಿಡಿದುಕೊಂಡು ಇಲ್ಲಿಗೆ ಅರ್ಜಿ ಹಾಕಿದರು.

ಅರ್ಜಿಯ ಹಿಂದೆ ಇನ್ನೊಂದು ಕಥೆಯಿದೆ. ಅದು ಅವರ ಮನೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಕೂತಿದೆ.

ನೆಲಮಹಡಿಯ ಎರಡು ಕೋಣೆ. ಮಂಚದಿಂದ ಬಚ್ಚಲಿನವರೆಗೆ ಗೋಡೆಗೆ ಹಗ್ಗ ಬಿಗಿದಿದೆ, ಸೊಂಟದೆತ್ತರಕ್ಕೆ. ಮೌನಗೌರಿಯವರ ಅಕ್ಕ ಚಿತ್ರಕಲೆಯ ಟೀಚರ್ ಆಗಿದ್ದವರು. ಹದಿಮೂರು ವರ್ಷದ ಹಿಂದೆ ಕರಿಹಲಗೆಯ ಮೇಲೆ ವೃತ್ತ ಬರೆಯುವಾಗ ಅರ್ಧ ವೃತ್ತ ಕಾಣಲಿಲ್ಲ. ಕಣ್ಣು ಒಂದು ತಿಂಗಳಿಗೆ ಸರಿಹೋಯಿತು. ಆಮೇಲೆ ಕಾಲು. ಕಾಯಿಲೆಯ ಹೆಸರು ಗೊತ್ತಾಗಲು ಎರಡು ವರ್ಷ ಹಿಡಿಯಿತು. "ಬಿಸಿನೀರು ಹುಯ್ಕೊಂಡ್ರೆ ಕಾಲು ರಾಜೀನಾಮೆ ಕೊಡುತ್ತೆ," ಎಂದು ಅಕ್ಕ ನಗುತ್ತಾರೆ. "ಉಗುರುಬೆಚ್ಚಗಿದ್ರೆ ರಜಾ ಮಾತ್ರ ಕೇಳುತ್ತೆ."

ಸಂಜೆ ತಂಗಿ ಬಾಗಿಲು ತೆಗೆಯುವ ಮೊದಲೇ ಅಕ್ಕನ ದನಿ.

"ಏನೇ, ಇವತ್ತು ಯಾರಾದ್ರೂ ಓಡಿದ್ರಾ?"

"ನಡೆದ್ರು."

"ಎಷ್ಟು ಬೇಗ?"

"ಊಟ ಆಯ್ತಾ ನಿಂದು?"

"ಕೇಳಿದ್ರಾ," ಅಕ್ಕ ನಮ್ಮ ಕಡೆ ತಿರುಗುತ್ತಾರೆ, "ಅಲ್ಲಿ ಈ ಮಾತು ಆಡಲ್ಲ. ಮನೇಲಿ ಬೇರೆ ಮಾತೇ ಆಡಲ್ಲ."

ಈ ಮನೆಯಲ್ಲಿ ಊಟಕ್ಕೆ ಒಂದು ಹಳೆಯ ಗಾಯವಿದೆ. ಐದು ವರ್ಷದ ಹಿಂದೆ ಬಸ್ಸಿಗೆ ಕಾಯುತ್ತಿದ್ದಾಗ, ಯಾರದೋ ಅತ್ತೆಗೆ ಇದೇ ಕಾಯಿಲೆ ಬರೀ ಪಥ್ಯದಿಂದ ವಾಸಿಯಾಯಿತೆಂದು ಹೇಳಿದವರಿಂದ ತಂಗಿ ಒಂದು ಚೀಟಿ ಬರೆಸಿಕೊಂಡು ಬಂದರು. ಅದು ಬೇಡ, ಇದು ಬೇಡ, ಇದನ್ನು ಮಾತ್ರ ಬೇಯಿಸಿ. ನಾಲ್ಕು ತಿಂಗಳಲ್ಲಿ ಅಕ್ಕ ಗೋಡೆ ಬಿಟ್ಟು ನಡೆದರು. ಮನೆಯಲ್ಲಿ ಹಬ್ಬದ ಹಾಗಾಯಿತು. ಅಕ್ಕ ಕಾಯಿಲೆಗೆ ತೆಗೆದುಕೊಳ್ಳುತ್ತಿದ್ದ ಇಂಜೆಕ್ಷನ್ ನಿಲ್ಲಿಸಿದರು, ತಂಗಿ ತಡೆಯಲಿಲ್ಲ. ಏಳನೇ ತಿಂಗಳಲ್ಲಿ ಬಂದ ದಾಳಿ ಎಡಗಾಲನ್ನು ತೆಗೆದುಕೊಂಡು ಹೋಯಿತು. ಅದು ವಾಪಸು ಬಂದಿಲ್ಲ.

"ಈ ಕಾಯಿಲೆ ತಾನೇ ಏರುತ್ತೆ, ತಾನೇ ಇಳಿಯುತ್ತೆ," ತಂಗಿ ಅಕ್ಕನ ಎಡಗಾಲನ್ನು ಎತ್ತಿ ಸ್ಟೂಲಿನ ಮೇಲಿಡುತ್ತ ಹೇಳುತ್ತಾರೆ. "ಇಳಿಯೋ ಹೊತ್ತಲ್ಲಿ ಏನು ತಿಂತಿದ್ರೋ ಅದಕ್ಕೆ ಹೆಸರು ಬರುತ್ತೆ. ನನ್ನ ಚೀಟಿಗೂ ಹಾಗೇ ಹೆಸರು ಬಂತು. ಒಬ್ಬರ ಕಾಲು ನೋಡಿ ಹೇಳೋಕಾಗಲ್ಲ. ಇನ್ನೂರು ಜನರ ಕಾಲು ಬೇಕು. ಅಳೆಯೋರಿಗೆ ಏನೂ ಗೊತ್ತಿರಬಾರದು."

ಪರೀಕ್ಷೆ ಶುರುವಾದಾಗ ಅಕ್ಕನೂ ಸೇರಲು ಆಸೆಪಟ್ಟಿದ್ದರು. ಅಳೆಯುವವರ ಮನೆಯವರನ್ನು ಸೇರಿಸಿಕೊಳ್ಳುವಂತಿಲ್ಲ ಎಂಬುದು ನಿಯಮ. ತಂಗಿಗೆ ಕೆಲಸವೋ, ಅಕ್ಕನಿಗೆ ಪಟ್ಟಿಯೋ. ಅರ್ಜಿ ಹರಿದುಹಾಕುತ್ತೇನೆ ಎಂದರು ತಂಗಿ. "ಮನೆಗೆ ಒಬ್ಬರಾದ್ರೂ ದುಡಿಯೋರು ಬೇಡ್ವೇನೆ," ಎಂದರು ಅಕ್ಕ. ಮಾತು ಅಲ್ಲಿಗೆ ಮುಗಿದಿತ್ತು. ಮುಗಿದಿರಲಿಲ್ಲ. ಮೂರು ವರ್ಷದಿಂದ ಅಕ್ಕ ಒಂದಲ್ಲ ಒಂದು ರೀತಿ ಅದನ್ನೇ ಕೇಳುತ್ತಿದ್ದಾರೆ: ಚೆನ್ನಾಗಿ ನಡೆಯುತ್ತಿರುವವರನ್ನು ಏನು ತಿನ್ನುತ್ತೀರಿ ಎಂದು ಒಂದೇ ಒಂದು ಸಲ ಕೇಳಬಾರದೇ?

"ಕೊನೆ ನಡಿಗೆ ಆದ್ಮೇಲೂ ಲೆಕ್ಕ ಹಾಕಿ ಹೇಳೋಕೆ ಒಂದು ವರ್ಷ ಬೇಕಂತೆ," ಎನ್ನುತ್ತಾರೆ ಅಕ್ಕ. ಈಗ ನಗುತ್ತಿಲ್ಲ. "ನನ್ನ ಬಲಗಾಲಲ್ಲಿ ಇನ್ನೂ ಜೀವ ಇದೆ. ಅದೂ ಹೋದ್ಮೇಲೆ ಉತ್ತರ ಬಂದ್ರೆ ಏನು ಮಾಡ್ಲಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಲಾ?" ತಂಗಿ ಏಳುತ್ತಾರೆ. ತಟ್ಟೆ ತಂದು ಅಕ್ಕನ ಮುಂದಿಟ್ಟು, ಬಡಿಸಿ, ತಾವೂ ಎದುರಿಗೆ ಕೂರುತ್ತಾರೆ.

ಪರೀಕ್ಷೆಯ ಮುಖ್ಯಸ್ಥರಾದ ಡಾಕ್ಟರು ಸುತ್ತಿಬಳಸಿ ಮಾತಾಡುವವರಲ್ಲ. "ಫಲಿತಾಂಶ ಬಂದಾಗ ನನ್ನ ಹೆಸರು ಅಚ್ಚಾಗುತ್ತೆ. ಅವರದ್ದು ಎಲ್ಲೂ ಇರಲ್ಲ. ಆದರೆ ಅವರ ಹೆಬ್ಬೆರಳು ಸುಳ್ಳು ಹೇಳಿದ್ರೆ ನನ್ನ ಹೆಸರಿಗೂ ಬೆಲೆ ಇಲ್ಲ." ಇದನ್ನು ಮೌನಗೌರಿಯವರಿಗೆ ದಾಟಿಸಿದರೆ ಅವರು ಗಡಿಯಾರದ ಗಾಜನ್ನು ಸೆರಗಿನಿಂದ ಒರೆಸುತ್ತಾರೆ. ಏನಾದರೂ ಆಸೆ ಇದೆಯೇ? ಇದೆ. "ಎಲ್ಲ ಮುಗಿದ ದಿನ ಆ ಬಾಗಿಲಲ್ಲಿ ನಿಂತು, ಇನ್ನೂರ ಹನ್ನೆರಡು ಜನರನ್ನೂ ಒಬ್ಬೊಬ್ಬರನ್ನೇ ಕೇಳಬೇಕು, ಊಟ ಆಯ್ತಾ ಅಂತ."

ಗುರುವಾರ ಅಕ್ಕನಿಗೂ ಅದೇ ಆಸ್ಪತ್ರೆಯಲ್ಲಿ ಡಾಕ್ಟರರನ್ನು ಕಾಣುವ ದಿನ. ಗಾಲಿಕುರ್ಚಿಯಲ್ಲಿ ಅವರನ್ನು ಓಣಿಯ ಹೊರಗಿನ ಬೆಂಚಿನ ಪಕ್ಕ ನಿಲ್ಲಿಸಿ ತಂಗಿ ಒಳಗೆ ಹೋಗಿದ್ದಾರೆ. ಹತ್ತೂವರೆಗೆ ಬಾಗಿಲು ತೆರೆದು, ಪರೀಕ್ಷೆಯಲ್ಲಿರುವ ಟೈಲರ್ ಒಬ್ಬ ಹೊರಬರುತ್ತಾನೆ. ಮೂರು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಅಕ್ಕನಿಗೆ ಪರಿಚಯವಾದವನು. ಆಗ ಎರಡು ಕೋಲು ಹಿಡಿದು ಬಂದಿದ್ದ. ಈಗ ಕೈ ಬೀಸಿಕೊಂಡು ಬರುತ್ತಾನೆ. ಅಕ್ಕನ ಕಣ್ಣು ಅವನ ಕಾಲಿನ ಮೇಲೇ ಇದೆ.

"ಟೀಚರ್, ನಂದು ಇವತ್ತಿಗೆ ಮುಗೀತು," ಎಂದು ಬೆಂಚಿನ ಮೇಲೆ ಕೂತು, ಜೇಬಿನಿಂದ ಮಡಿಸಿದ ಕಾಗದ ತೆಗೆಯುತ್ತಾನೆ. ಅಂಗಿಯ ಅಳತೆ ಬರೆಯುವ ಚೀಟಿ; ಹಿಂಬದಿಯಲ್ಲಿ ಒತ್ತೊತ್ತಾದ ಅಕ್ಷರ. "ಮೂರು ವರ್ಷ ನಾನು ತಿಂದಿದ್ದೆಲ್ಲ ಬರೆದಿದೀನಿ. ಎಷ್ಟು, ಯಾವಾಗ, ಎಲ್ಲ ಇದೆ. ಇಟ್ಕೊಳಿ. ಒಳಗಿರೋ ಅಮ್ಮನಿಗೆ ಹೇಳೋದೇ ಬೇಡ."

ಅಕ್ಕನ ಕೈ ಮಡಿಲಿನಿಂದ ಮೇಲೇಳುತ್ತದೆ. ಮುಚ್ಚಿದ ಬಾಗಿಲ ಆಚೆಯಿಂದ ತಂಗಿಯ ದನಿ ಕೇಳಿಸುತ್ತದೆ: "ಬಂದ್ರಾ? ಗೆರೆ ಹತ್ರ ನಿಂತ್ಕೊಳಿ."

"ಇನ್ನೂ ಎಷ್ಟು ಜನ ಇದಾರಂತೆ?" ಅಕ್ಕ ಕೇಳುತ್ತಾರೆ.

"ಮೂವತ್ತು ಚಿಲ್ಲರೆ ಇರಬಹುದು. ಅದಕ್ಕೂ ಇದಕ್ಕೂ ಏನು ಸಂಬಂಧ ಟೀಚರ್? ನನ್ನ ಕಾಲು ನೋಡಿ. ನೀವು ಇನ್ನೊಂದು ವರ್ಷ ಕಾಯ್ತೀರಾ?" ಅವನು ಕಾಗದವನ್ನು ಅಕ್ಕನ ಬೆರಳಿಗೆ ತಾಗುವಷ್ಟು ಹತ್ತಿರ ತರುತ್ತಾನೆ.

ಅಕ್ಕ ಕೈಯನ್ನು ಮತ್ತೆ ಮಡಿಲಿಗೆ ತಂದುಕೊಂಡು, ಬಲಮಂಡಿಯ ಮೇಲಿಡುತ್ತಾರೆ.

"ನನ್ನ ತಟ್ಟೆಗೆ ಬಡಿಸೋದು ಅವಳೇ," ಎನ್ನುತ್ತಾರೆ. "ಅವಳ ಹೆಬ್ಬೆರಳಿಗೆ ಗೊತ್ತಾಗಿಬಿಡುತ್ತೆ. ಬೇಡ."